ಯಾರ ಪೈಕಿ ಎಂದು ಕೇಳುವ ಕಾಕಾ

ನಮ್ಮ ಕಾಕಾನ ಜೊತೆ ರೈಲು ಹಿಡಿಯಲು ಹೋದರೆ ರೈಲು ಸಿಗುವುದಿಲ್ಲ, ನೆಂಟರು ಸಿಗುತ್ತಾರೆ! ಯಾದಗಿರಿ ಸ್ಟೇಷನ್ನಿನ ಬೆಂಚಿನಲ್ಲಿ ಪಕ್ಕ ಕುಳಿತವರನ್ನು “ನೀವ್ ಯಾರ ಪೈಕಿರಿ?” ಎಂದು ಕೇಳಲು ಶುರುಮಾಡುತ್ತಾನೆ. ನಮ್ಮ ಕಡೆ ಎಲ್ಲರೂ ಕೇಳುವ ಮಾತೇ. ಆದರೆ ಉಳಿದವರು ಅಪ್ಪನ ಹೆಸರಿಗೆ ತೃಪ್ತರಾಗುತ್ತಾರೆ. ಇವನು ಅಪ್ಪನ ಅಪ್ಪ ಯಾರು, ಅವನ ಅಪ್ಪ ಯಾರು ಎಂದು ಏರುತ್ತಲೇ ಹೋಗುತ್ತಾನೆ. ಎದುರಿನವರು “ಇನ್ನ ಗೊತ್ತಿಲ್ರೀ” ಎಂದು ಕೈಮುಗಿಯುವ ಹೊತ್ತಿಗೆ ನಮ್ಮ ರೈಲು ರಾಯಚೂರು ಮುಟ್ಟಿರುತ್ತದೆ.

“ಇದಕ್ಕ ರಿಕರ್ಸಿವ್ ಕ್ವೆರಿ ಅಂತಾರ. ಬಂದ ಉತ್ತರಕ್ಕ ಮತ್ತ ಅದ ಪ್ರಶ್ನಿ ಕೇಳೂದು, ಉತ್ತರ ತೀರೂತನಕ” ಎನ್ನುತ್ತಾನೆ. ಶಹಾಪುರದಲ್ಲಿ ಕಂಪ್ಯೂಟರ್ ಕಲಿಸುವ ಅಂಗಡಿ ಇಟ್ಟವನು, ಅವನಿಗೆ ಇಡೀ ಜಗತ್ತೇ ಡೇಟಾಬೇಸು.

ತಮಾಷೆಯೆಂದರೆ, ಯಾರಾದರೂ ತಿರುಗಿ “ನೀವ್ ಯಾರ ಪೈಕಿರಿ?” ಎಂದರೆ ಕಾಕಾನಿಗೆ ಕೆಮ್ಮು ಬರುತ್ತದೆ. ಅವನು ನಮ್ಮ ಅಪ್ಪನ ಒಡಹುಟ್ಟಿದ ತಮ್ಮನಲ್ಲ. ತಾಯಿಯಿಲ್ಲದ ಕೂಸನ್ನು ನಮ್ಮ ಅಜ್ಜಿ ವನದುರ್ಗದಿಂದ ಸೊಂಟದ ಮೇಲೆ ಕೂರಿಸಿಕೊಂಡು ಸುರಪುರದ ಮನೆಗೆ ತಂದಳಂತೆ. ಊರಿನವರ ಅಪ್ಪಂದಿರನ್ನೆಲ್ಲ ಬಲ್ಲವನಿಗೆ ತನ್ನ ಅಪ್ಪನ ಹೆಸರೇ ಗೊತ್ತಿಲ್ಲ.

ಇಂಥವನು ನಮ್ಮ ಮನೆತನದ ವಂಶವೃಕ್ಷ ತೆಗೆಯುತ್ತೇನೆಂದು ಹೊರಟ. ಒಂದು ಕಡೆ ಮಗನ ಹೆಸರು, ಪಕ್ಕದಲ್ಲಿ ಅಪ್ಪನ ಹೆಸರು, ಉಳಿದದ್ದು ಕಂಪ್ಯೂಟರಿನ ಕೆಲಸ. ನಮ್ಮ ಮುತ್ತಜ್ಜ ಮಲ್ಲಣ್ಣ, ಅವನ ಮಗ ನಮ್ಮ ಅಜ್ಜ ಬಸಣ್ಣ. ಬಸಣ್ಣನ ಮಗನಿಗೆ, ಅಂದರೆ ನಮ್ಮ ಅಪ್ಪನಿಗೆ, ಪದ್ಧತಿಯಂತೆ ಅಜ್ಜನ ಹೆಸರು: ಮಲ್ಲಣ್ಣ. ಕಂಪ್ಯೂಟರಿಗೆ ನಮ್ಮ ಪದ್ಧತಿ ಏನು ಗೊತ್ತು? ಇಬ್ಬರು ಮಲ್ಲಣ್ಣರನ್ನೂ ಒಬ್ಬನೇ ಎಂದು ಹಿಡಿಯಿತು. ಮಲ್ಲಣ್ಣನ ಮಗ ಬಸಣ್ಣ, ಬಸಣ್ಣನ ಮಗ ಮಲ್ಲಣ್ಣ, ಆ ಮಲ್ಲಣ್ಣನ ಮಗ ಮತ್ತೆ ಬಸಣ್ಣ! ಪರದೆಯ ಮೇಲೆ ಮಲ್ಲಣ್ಣ ಬಸಣ್ಣರು ಇಳಿದೇ ಇಳಿದರು. ಕೊನೆಗೆ ಕಾಕಾ ವೈರನ್ನೇ ಕಿತ್ತ.

“ಅದರದೇನ್ ತಪ್ಪೈತಿ? ಮಾವಾರ ಹುಟ್ಟಿ ಬಂದಾರ” ಎಂದಳು ಅಜ್ಜಿ. ಮಾವನ ಹೆಸರು ಬಾಯಲ್ಲಿ ತರಬಾರದೆಂದು ಹೆತ್ತ ಮಗನನ್ನೇ “ಮಾವಾರ, ಊಟಕ್ಕ ಬರ್ರಿ” ಎಂದು ಕರೆಯುವವಳು ಅವಳು. ಅವಳ ಡೇಟಾಬೇಸು ಎಂದೋ ಸುತ್ತು ಹೊಡೆದಿದೆ.

ಕಾಕಾ ಈಗ ಹೆಸರು ಬಿಟ್ಟು ನಂಬರು ಹಿಡಿದ. ಪ್ರತಿ ಸಾಲಿನಲ್ಲಿ ಅವರವರ ನಂಬರು, ಪಕ್ಕದಲ್ಲಿ ಹೆತ್ತವರ ನಂಬರು. ಗಂಡಹೆಂಡಿರಿಗೆ ಸೇರಿ ಒಂದೇ ನಂಬರು; ಇದಕ್ಕೆ ನಮ್ಮ ಅಮ್ಮ ವಾರಗಟ್ಟಲೆ ಮುನಿಸಿಕೊಂಡಿದ್ದಳು. ಅಂತೂ ಮರ ಬಂತು. ಅದನ್ನು ಫ್ಲೆಕ್ಸ್ ಮಾಡಿಸಿ ಸುರಪುರದ ಮನೆಯ ಪಡಸಾಲೆಯಲ್ಲಿ ಕಟ್ಟಿದ. ಎಲ್ಲರೂ ತಮ್ಮ ತಮ್ಮ ಹೆಸರು ಹುಡುಕಿದರು. ಹುಣಸಗಿಯ ಅತ್ತೆ ತನ್ನ ಹೆಸರಿನ ಅಕ್ಷರ ಸಣ್ಣದಾಯಿತೆಂದು ಚಹಾ ಕುಡಿಯಲಿಲ್ಲ.

ಅಜ್ಜಿ ಮಾತ್ರ ಎಲ್ಲರ ಹೆಸರನ್ನೂ ಓದಿಸಿ ಕೇಳಿ, “ನೀ ಎಲ್ಲಿ ಅದಿ?” ಎಂದಳು ಕಾಕಾನಿಗೆ.

“ನನ್ನ ಸಾಲಿನ್ಯಾಗ ಹೆತ್ತವರ ನಂಬರ್ ಖಾಲಿ ಐತಿ ಅವ್ವ. ಖಾಲಿ ಇದ್ರ ಕ್ವೆರಿ ನನ್ನತನಕ ಬರಂಗಿಲ್ಲ.”

“ಯಾಕ ಖಾಲಿ ಬಿಟ್ಟಿ?”

“ಯಾರ ನಂಬರ್ ಹಾಕ್ಲಿ?”

ಅಜ್ಜಿಗೆ ಸಿಟ್ಟು ಬಂತು. “ಹೊತ್ಕೊಂಡ್ ಬಂದಾಕಿ ನಾ ಇಲ್ಲೇ ಕುಂತೀನಿ, ಯಾರದು ಅಂತ ಕೇಳ್ತಾನ. ನಂದು ಹಾಕು.”

ಕಾಕಾ ಅಲ್ಲೇ ಲ್ಯಾಪ್‌ಟಾಪ್ ತೆಗೆದು ಹಾಕಿದ. ಒಂದೇ ಒಂದು ನಂಬರು. ಅಜ್ಜಿಯ ಕೆಳಗೆ, ನಮ್ಮ ಅಪ್ಪನ ಪಕ್ಕದಲ್ಲಿ ಅವನು ಬಂದು ನಿಂತ. ನನಗಂತೂ ಅಳು ತಡೆಯಲಾಗಲಿಲ್ಲ. ಫ್ಲೆಕ್ಸನ್ನು ಮತ್ತೆ ಮಾಡಿಸಿದೆವು, ಅತ್ತೆಯ ಅಕ್ಷರವೂ ದೊಡ್ಡದಾಯಿತು.

ಮೊನ್ನೆ ಯಾದಗಿರಿ ಸ್ಟೇಷನ್ನಿನಲ್ಲಿ ಒಬ್ಬ ಮುದುಕ ಕಾಕಾನನ್ನೇ ಕೇಳಿದ, “ನೀವ್ ಯಾರ ಪೈಕಿರಿ?” ಕೆಮ್ಮು ಬರಲಿಲ್ಲ. “ಸುರಪುರದ ಬಸಣ್ಣನ ಮಗ ರೀ. ಬಸಣ್ಣನ ಅಪ್ಪ ಮಲ್ಲಣ್ಣ...” ಎಂದು ಕಾಕಾ ನಿಧಾನವಾಗಿ ಏರತೊಡಗಿದ. ಅಷ್ಟರಲ್ಲಿ ನಮ್ಮ ರೈಲು ಬಂತು, ನಿಂತಿತು, ಹೊರಟಿತು. ನಾನು ಅವನನ್ನು ಕರೆಯಲಿಲ್ಲ.