ಯಾಕಮ್ಮನ ಜೇಬುಗಳು

ಯಾಕಮ್ಮನ ಸಿಟ್ಟು ಶುರುವಾದದ್ದು ಬಸ್ಸಿನಲ್ಲಿ. ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ತರಕಾರಿ ಚೀಲ, ಕಂಕುಳಲ್ಲಿ ಪರ್ಸು, ಹಲ್ಲುಗಳ ನಡುವೆ ಟಿಕೆಟ್ಟು. ಹೀಗೆ ಅವಳು ನಿಂತಿದ್ದಾಗ ತಪಾಸಣೆಯವನು ಹತ್ತಿದ. "ಟಿಕೆಟ್ ಎಲ್ಲಮ್ಮ?" ಅಂದ. "ಇಲ್ಲೇ ಇದೆಯಲ್ಲ" ಅನ್ನಲು ಯಾಕಮ್ಮ ಬಾಯಿ ತೆರೆದಳು. ಟಿಕೆಟ್ಟು ಕಿಟಕಿಯಿಂದಾಚೆ ಹಾರಿಹೋಯಿತು.

ಪಕ್ಕದಲ್ಲಿ ನಿಂತಿದ್ದ ಅವಳ ಗಂಡ ಮೀಸೆಯನ್ನೂ ಅಲುಗಿಸದೆ ಅಂಗಿಯ ಜೇಬಿಗೆ ಎರಡು ಬೆರಳು ಇಳಿಸಿ ತನ್ನ ಟಿಕೆಟ್ಟನ್ನು ತೋರಿಸಿದ. ಆಮೇಲೆ ಹೆಂಡತಿಯ ಕಡೆ ತಿರುಗಿ, "ಟಿಕೆಟ್ಟನ್ನ ಬಾಯಲ್ಲಿ ಇಡ್ತಾರೇನೇ?" ಅಂದ.

"ಮತ್ತೆಲ್ಲಿಡ್ಲಿ? ಕಿವೀಲಾ?"

ಪ್ರಶ್ನೆ ಹುಟ್ಟಿತೆಂದರೆ ಅದಕ್ಕೊಂದು ಗತಿ ಕಾಣಿಸದೆ ಬಿಡುವ ಜಾಯಮಾನ ಅವಳದಲ್ಲ. ಚಿಕ್ಕಂದಿನಿಂದಲೂ ಎದುರಿಗೆ ಬಂದದ್ದಕ್ಕೆಲ್ಲ "ಯಾಕೆ?" ಅನ್ನುತ್ತಿದ್ದುದರಿಂದಲೇ ಆ ಹೆಸರು ಬಂದದ್ದು. ಅಪ್ಪ ಅಮ್ಮ ಇಟ್ಟ ಹೆಸರು ಅವಳಿಗೇ ಆಗಾಗ ಮರೆತುಹೋಗುತ್ತಿತ್ತು. ಕೆಲಸ ಮಾಡುತ್ತಿದ್ದ ಕನ್ನಡಕದ ಅಂಗಡಿಯಲ್ಲೂ ಅದೇ ಹೆಸರು. (ಕಣ್ಣು ಮಂಜಾಗಿದೆ ಎಂದು ಬಂದವರನ್ನು "ಯಾಕೆ ಮಂಜಾಯ್ತು?" ಎಂದು ಕೇಳಿ, ಅವರ ಅರ್ಧ ಜೀವನಚರಿತ್ರೆ ತಿಳಿದುಕೊಂಡ ಮೇಲೆಯೇ ಚೌಕಟ್ಟು ತೋರಿಸುತ್ತಿದ್ದಳು.)

ಮನೆಗೆ ಬಂದವಳೇ ಗಂಡನ ಬೀರು ತೆರೆದಳು. ಗಂಡ ವೃತ್ತಿಯಲ್ಲಿ ಸರ್ವೇಯರು. ಊರ ಜಮೀನನ್ನೆಲ್ಲ ಅಳೆದು ಗಡಿ ಹಾಕುವ ಮನುಷ್ಯನಿಗೆ ಸ್ವಂತ ಹೊಟ್ಟೆಯ ಗಡಿ ಮಾತ್ರ ಕೈಮೀರಿತ್ತು. ಹೊಟ್ಟೆ ಮುಂದೆ ಮುಂದೆ ಹೋಗಿ, ಪ್ಯಾಂಟುಗಳು ಬೀರುವಿನಲ್ಲಿ ಹಿಂದುಳಿದಿದ್ದವು. ಒಳ್ಳೆಯ ದಪ್ಪ ಬಟ್ಟೆ, ಬಣ್ಣ ಮಾಸಿಲ್ಲ. ಯಾಕಮ್ಮ ಒಂದನ್ನು ಮಂಚದ ಮೇಲೆ ಹಾಸಿ ಜೇಬುಗಳನ್ನೆಲ್ಲ ಒಳಗಿಂದ ಹೊರಗೆಳೆದಳು. ಅಬ್ಬಾ! ಅಕ್ಕಪಕ್ಕ ಎರಡು ಮೊಲದ ಕಿವಿ, ಹಿಂದೆ ಗುಂಡಿ ಹಾಕುವಂಥದ್ದು, ಸೊಂಟಪಟ್ಟಿಯ ಕೆಳಗೆ ಕಳ್ಳನಂತೆ ಅಡಗಿ ಕೂತ ಪುಟಾಣಿಯೊಂದು.

"ರೀ, ಈ ಪುಟಾಣಿ ಜೇಬು ಯಾಕಿದೆ?"

"ನಂಗೇನು ಗೊತ್ತು?"

"ಇಷ್ಟು ವರ್ಷ ಹಾಕ್ಕೊಂಡು ಓಡಾಡಿದೀರಿ, ಗೊತ್ತಿಲ್ವಾ?"

"ಹೊಟ್ಟೆಯೊಳಗೆ ಗುಲ್ಮ ಯಾಕಿದೆ ಅಂತಾನೂ ಗೊತ್ತಿಲ್ಲ. ಇಟ್ಕೊಂಡು ಓಡಾಡ್ತಿಲ್ವಾ?"

ಗಂಡಸಿಗೆ ಗೊತ್ತೇ ಇಲ್ಲದ ಜೇಬುಗಳು! ಇತ್ತ ಹೆಂಗಸಿಗೆ ಟಿಕೆಟ್ಟಿಡಲು ಹಲ್ಲೇ ಗತಿ! ಈ ಅನ್ಯಾಯದ ಬುಡಕ್ಕೇ ಬ್ಲೇಡು ಹಾಕಬೇಕೆಂದು ಯಾಕಮ್ಮ ತೀರ್ಮಾನಿಸಿದಳು. ಕನ್ನಡಕದ ಅಂಗಡಿಯ ಯಜಮಾನರ ಮಗಳ ಮದುವೆ ಹತ್ತಿರ ಬಂದಿತ್ತು. ಆ ಹೊತ್ತಿಗೆ ಹಳೇ ಪ್ಯಾಂಟುಗಳಿಂದಲೇ ತನಗೊಂದು ನಿಲುವಂಗಿ. ಅದರಲ್ಲಿ ಜೇಬುಗಳು, ಎಷ್ಟು ಹಿಡಿಸುತ್ತವೋ ಅಷ್ಟು.

"ಪ್ಯಾಂಟಿಗೆ ಕಾಲೆರಡು ಕಣೇ. ಅದು ಹ್ಯಾಗೆ ನಿಲುವಂಗಿ ಆಗುತ್ತೆ?" ಎಂದು ಗಂಡ ನಕ್ಕ.

"ಅದನ್ನೇ ನೋಡ್ಬೇಕು ಅಂತಿರೋದು" ಅಂದಳು ಯಾಕಮ್ಮ.

ಅತ್ತೆಯ ಹಳೇ ತುಳಿಯುವ ಹೊಲಿಗೆ ಮಿಷನ್ನು ದಿಂಬಿನ ರಾಶಿಯಡಿಯಿಂದ ಹೊರಬಂತು. ಅತ್ತೆ ಅದಕ್ಕೆ ಎಣ್ಣೆ ಬಿಟ್ಟು, "ಮೊದಲು ಬಿಚ್ಚೋದು ಕಲಿ, ಹೊಲಿಯೋದು ಆಮೇಲೆ" ಎಂದು ಉಪದೇಶವನ್ನೂ ಬಿಟ್ಟರು. ಯಾಕಮ್ಮ ಕಾಲುಗಳ ಒಳಗಿನ ಹೊಲಿಗೆ ಬಿಚ್ಚಿದಳು. ಬಿಚ್ಚುತ್ತಾ ಹೋದಂತೆ ಸಿಟ್ಟು ಇಳಿದು ಕುತೂಹಲ ಏರಿತು. ಹೊರಗಿಂದ ಒಂದೇ ಗೆರೆಯಂತೆ ಕಾಣುವ ಹೊಲಿಗೆ ಒಳಗೆ ಎರಡು ಸಾಲು! ಸೊಂಟಪಟ್ಟಿಯೊಳಗೆ ಗಟ್ಟಿ ಬಟ್ಟೆಯ ಬೆನ್ನೆಲುಬು! ಗಂಡನೊಂದಿಗೆ ಇಷ್ಟು ಕಾಲ ಸಂಸಾರ ಮಾಡಿಯೂ ಅವನ ಪ್ಯಾಂಟಿನ ಅಂತರಂಗ ತಿಳಿದಿರಲಿಲ್ಲವಲ್ಲ ಎನಿಸಿತು. ಎರಡು ಪ್ಯಾಂಟಿನ ನಾಲ್ಕು ಕಾಲುಗಳನ್ನು ಬಿಡಿಸಿ, ಅಕ್ಕಪಕ್ಕ ಜೋಡಿಸಿ, ನಡುವೆ ಮೂರು ಮೂಲೆಯ ತುಂಡುಗಳನ್ನು ಇಟ್ಟಾಗ ಕೆಳಭಾಗ ಗಂಟೆಯಂತೆ ಅರಳಿತು. ಗಂಡನ ಹಳೇ ಕೋಟಿನಿಂದ ಮೇಲ್ಭಾಗ ಬಂತು. ಕೋಟಿನ ಒಳಜೇಬು ಸಮೇತ.

ಮೊದಲ ಸಲ ತೊಟ್ಟು ನೋಡಿದಾಗ ಹಿಂದಿನ ಜೇಬೊಂದು ಹೊಟ್ಟೆಯ ಮೇಲೆ ತಲೆಕೆಳಗಾಗಿ ಕೂತಿತ್ತು. ಮಗಳು ಬಿದ್ದು ಬಿದ್ದು ನಕ್ಕಳು. "ಅಮ್ಮ, ಅದ್ರಲ್ಲಿ ಹಾಕಿದ್ದೆಲ್ಲ ನೆಲಕ್ಕೆ ಬೀಳುತ್ತೆ!" ಯಾಕಮ್ಮ ಬಿಚ್ಚಿದಳು, ಹೊಲಿದಳು, ಮತ್ತೆ ಬಿಚ್ಚಿದಳು. ಕೊನೆಗೊಂದು ಭಾನುವಾರ ಕನ್ನಡಿಯ ಮುಂದೆ ನಿಂತು ಎರಡೂ ಕೈ ಜೇಬಿಗೆ ಇಳಿಬಿಟ್ಟಾಗ ಮೈಯಲ್ಲಿ ಒಂದು ಬಗೆಯ ಗತ್ತು ಹರಿಯಿತು. ಸುಮ್ಮನೆ ಸೀಟಿ ಹೊಡೆಯೋಣ ಅನ್ನಿಸಿತು. ಮಗಳು ನಗಲಿಲ್ಲ. ಅತ್ತೆ ಸುತ್ತ ಒಂದು ಪ್ರದಕ್ಷಿಣೆ ಬಂದು, "ಪರವಾಗಿಲ್ಲ ಕಣೇ" ಅಂದರು. (ಅತ್ತೆಯ ಭಾಷೆಯಲ್ಲಿ ಇದು ಬಿರುದು.) ಗಂಡ ಮಾತ್ರ ದಿಟ್ಟಿಸಿ ನೋಡಿ, "ನನ್ನ ಮೊಣಕಾಲು ನಿನ್ನ ಸೊಂಟದ ಹತ್ತಿರ ಇದೆ" ಅಂದ.

ಮದುವೆಯ ದಿನ ಮನೆಗೆ ಬೀಗ ಹಾಕಿದ ಗಂಡ ಕೀ ಕೈಯಲ್ಲಿ ಹಿಡಿದು ಒಂದು ಕ್ಷಣ ಯೋಚಿಸಿದ. "ಲೇ, ನಿನ್ನ ಹತ್ರ ಹೇಗೂ ಜೇಬಿದೆಯಲ್ಲ" ಎಂದು ಕೊಟ್ಟ. ಯಾಕಮ್ಮ ಹೆಮ್ಮೆಯಿಂದಲೇ ತೆಗೆದುಕೊಂಡಳು. ಮೆಟ್ಟಿಲಿಳಿಯುವಷ್ಟರಲ್ಲಿ ಅತ್ತೆಯ ಮಾತ್ರೆ ಡಬ್ಬಿ ಬಂತು. ಬೀದಿಯ ತಿರುವಿನಲ್ಲಿ ಮಗಳ ಬಾಚಣಿಗೆ ಮತ್ತು ಚಾರ್ಜರು. ಬಸ್ಸಿನಲ್ಲಿ ಗಂಡನ ಓದುವ ಕನ್ನಡಕ, ದೂರ ನೋಡುವ ಕನ್ನಡಕ, ಅಳತೆಯ ಟೇಪು. ಮದುವೆಗೆ ಟೇಪು ಯಾಕೆ ಎಂದು ಅವಳು ಕೇಳಿದಳು. ಮದುವೆ ಹಾಲ್ ಎಷ್ಟು ಉದ್ದವಿದೆಯೋ ನೋಡಬೇಕಂತೆ. ಹಾಲ್‌ನ ಬಾಗಿಲಲ್ಲಿ ಅತ್ತೆ, "ಇದು ವಸಡಿಗೆ ಒತ್ತುತ್ತೆ ಕಣೇ, ಊಟದ ಹೊತ್ತಿಗೆ ಕೊಡು" ಎಂದು, ಆ ಕಡೆ ತಿರುಗಿ ಕರವಸ್ತ್ರದಲ್ಲಿ ಏನನ್ನೋ ಸುತ್ತಿ ತುರುಕಿದರು. ಏನು ಎಂದು ಯಾಕಮ್ಮ ಕೇಳಲಿಲ್ಲ. ಅವಳ ಆಯುಷ್ಯದಲ್ಲೇ ಕೇಳದೆ ಬಿಟ್ಟ ಪ್ರಶ್ನೆ ಅದೊಂದೇ ಇರಬೇಕು.

ಒಳಗೆ ಹೆಂಗಸರೆಲ್ಲ ಮುತ್ತಿಕೊಂಡರು. "ಎಲ್ಲಿ ಹೊಲಿಸಿದ್ರಿ?" "ಜೇಬು ನಿಜವಾದ್ದಾ?" ಯಾಕಮ್ಮ ಒಂದೊಂದರಲ್ಲೂ ಕೈಯಿಳಿಸಿ ತೋರಿಸಿದಳು. ಆಗಲೇ ಯಜಮಾನರ ಹೆಂಡತಿ, ಅಂದರೆ ಮದುವಣಗಿತ್ತಿಯ ತಾಯಿ, ಏದುಸಿರು ಬಿಡುತ್ತಾ ಬಂದರು. ಕೈಯಲ್ಲಿ ಅಳಿಯನಿಗೆ ತೊಡಿಸಬೇಕಾದ ಉಂಗುರ.

"ಯಾಕಮ್ಮ, ಒಂದ್ನಿಮಿಷ ಇಟ್ಕೊಳ್ಳಿ. ಹೂವಿನವನು ಕರೀತಿದ್ದಾನೆ. ನನ್ನ ಬಟ್ಟೇಲಿ ಜೇಬೆಲ್ಲಿ ಬರ್ಬೇಕು?"

ಯಾಕಮ್ಮ ಉಂಗುರವನ್ನು ಪುಟಾಣಿ ಜೇಬಿಗೆ ಹಾಕಿದಳು. ಕಳ್ಳರಿಗೆ ಕಂಡೀತೆಂದು ಒಳಜೇಬಿಗೆ ಬದಲಿಸಿದಳು. ಅಲ್ಲಿ ಚಾರ್ಜರಿಗೆ ಸಿಕ್ಕಿಕೊಂಡೀತೆಂದು ಮತ್ತೊಂದಕ್ಕೆ. ಬುದ್ಧಿವಂತರ ಕಷ್ಟವೇ ಇದು.

ಉಂಗುರ ತೊಡಿಸುವ ಹೊತ್ತು ಬಂತು. ವೇದಿಕೆಯಿಂದ ಕರೆ ಬಂತು. ಯಾಕಮ್ಮ ಗತ್ತಿನಿಂದ ಹತ್ತಿ ಬಲಗಡೆ ಜೇಬಿಗೆ ಕೈ ಹಾಕಿದಳು. ಬಾಚಣಿಗೆ. ಎಡಗಡೆಯದರಲ್ಲಿ ಮನೆಯ ಕೀ. ಒಳಜೇಬಿಗೆ ಕೈ ಹಾಕಿ ಎಳೆದರೆ ಚಾರ್ಜರಿನ ವೈರು ಬಂದೇ ಬಂತು, ಮುಗಿಯಲೇ ಇಲ್ಲ. ಯಾರೋ ಮುಂದೊಂದು ಮೇಜು ತಂದಿಟ್ಟರು. ಕನ್ನಡಕ, ಇನ್ನೊಂದು ಕನ್ನಡಕ, ಟೇಪು, ಮಾತ್ರೆ ಡಬ್ಬಿ. ಜನ ಎದ್ದು ನಿಂತು ನೋಡತೊಡಗಿದರು. ಕರವಸ್ತ್ರದ ಗಂಟು ಸಿಕ್ಕಾಗ ಅವಳಿಗೆ ಹೋದ ಜೀವ ಬಂದಂತಾಯಿತು. ಇದೇ ಇರಬೇಕೆಂದು ಎಲ್ಲರೆದುರು ಬಿಚ್ಚಿದಳು. ಅತ್ತೆಯ ಹಲ್ಲಿನ ಸೆಟ್ಟು ಸಭೆಯನ್ನು ನೋಡಿ ನಕ್ಕಿತು.

"ಊತದ ಹೊತ್ತಿಗೆ ಕೊದು ಅಂದಿದ್ದಲ್ವೇನೇ!" ಎಂದು ಮುಂದಿನ ಸಾಲಿನಿಂದ ಅತ್ತೆ ಬೊಚ್ಚು ಬಾಯಲ್ಲೇ ಕೂಗಿದರು.

ಉಂಗುರ ಎಲ್ಲೂ ಇಲ್ಲ. ಮದುವಣಗಿತ್ತಿಯ ತಾಯಿಯ ಮುಖ ಬಿಳಿಚಿತು. ಯಾಕಮ್ಮ ಪಕ್ಕದ ಕಬ್ಬಿಣದ ಕುರ್ಚಿಗೆ ಒರಗಿದಳು. ಆಗ ಅಂಗಿಯ ಅಂಚು ಕುರ್ಚಿಯ ಕಾಲಿಗೆ ತಗಲಿ "ಟಣ್" ಅಂದಿತು. ಬಟ್ಟೆ ಟಣ್ ಅನ್ನುತ್ತದೆಯೆ? ಅವಳು ಬಗ್ಗಿ ಅಂಚನ್ನು ಬೆರಳಲ್ಲಿ ಒತ್ತುತ್ತಾ ಹೋದಳು. ಗುಂಡಗೆ, ಗಟ್ಟಿಯಾಗಿ, ಇತ್ತು! ಒಂದು ಜೇಬಿನ ತಳದಲ್ಲಿ, ಹೊಲಿದಾದ ಮೇಲೆ ಬಟ್ಟೆಯ ಒಳಗನ್ನು ಹೊರಗೆ ತಿರುಗಿಸಿಕೊಳ್ಳಲು ಬಿಟ್ಟಿದ್ದ ಸಂದನ್ನು ಆಮೇಲೆ ಹೊಲಿಯಲು ಮರೆತಿದ್ದಳು. ಉಂಗುರ ಅಲ್ಲಿಂದ ಜಾರಿ, ಬಟ್ಟೆಗೂ ಒಳಪದರದ ಲೈನಿಂಗಿಗೂ ನಡುವೆ ಪ್ರಯಾಣ ಬೆಳೆಸಿ ಅಂಚಿನ ಮಡಿಕೆಯಲ್ಲಿ ಬೀಡುಬಿಟ್ಟಿತ್ತು.

ಹೂವಿನವನ ಕತ್ತರಿ ಬಂತು. ಇಡೀ ಹಾಲ್ ನೋಡುತ್ತಿರುವಾಗ ಯಾಕಮ್ಮ ವೇದಿಕೆಯ ಮೇಲೆ ಕೂತು ತಾನೇ ಹಾಕಿದ ಹೊಲಿಗೆಯನ್ನು ತಾನೇ ಬಿಚ್ಚಿದಳು. ಉಂಗುರ ಸಿಕ್ಕಿತು. ಆಗ ಬಿದ್ದಷ್ಟು ಚಪ್ಪಾಳೆ ಮದುಮಕ್ಕಳಿಗೂ ಬಿದ್ದಿರಲಿಲ್ಲ.

ಮನೆಗೆ ಬರುವಾಗ ಅಂಚು ಒಂದು ಕಡೆ ಜೋತಾಡುತ್ತಿತ್ತು. ಕಾಲಿಗೆ ಸಿಕ್ಕುವ ಅದನ್ನು ಒಂದು ಕೈಯಲ್ಲಿ ಎತ್ತಿ ಹಿಡಿದುಕೊಂಡು, ಇನ್ನೊಂದು ಕೈಯಿಂದ ಭಾರಕ್ಕೆ ವಾಲುವ ಜೇಬುಗಳನ್ನು ಒತ್ತಿಕೊಂಡು ಯಾಕಮ್ಮ ನಡೆದಳು. ಮುಂದೆ ಗಂಡ ಎರಡೂ ಕೈ ಬೀಸುತ್ತಾ, "ಹಾಲ್ ನೂರಡಿ ಇರ್ಬಹುದು ಕಣೇ" ಎನ್ನುತ್ತಾ ಹೋಗುತ್ತಿದ್ದ.

ಮದುವೆ ಮುಗಿದ ವಾರ ಯಜಮಾನರ ಹೆಂಡತಿ ಮನೆಗೇ ಬಂದರು. ಬೈಯಲು ಬಂದರೇನೋ ಎಂದು ಯಾಕಮ್ಮ ಅಂಜುತ್ತಲೇ ಕುರ್ಚಿ ಎಳೆದಳು. ಅವರು ಚೀಲದಿಂದ ತೆಗೆದದ್ದು ಯಜಮಾನರ ಎರಡು ಪ್ಯಾಂಟು, ಒಂದು ಕೋಟು.

"ನಿಮ್ಮ ಅಂಗಿ ನನ್ನ ಮನಸ್ಸಲ್ಲೇ ಕೂತ್ಬಿಟ್ಟಿದೆ ಯಾಕಮ್ಮ. ಬಣ್ಣ ಏನು, ಕೆಳಗೆ ಅರಳೋ ಆ ಘೇರು ಏನು! ನಂಗೂ ಥೇಟ್ ಅಂಥದ್ದೇ ಒಂದು ಹೊಲ್ಕೊಡಿ. ನಮ್ಮನೆಯವರಿಗೆ ಹೇಳಿಲ್ಲ, ಆಮೇಲೆ ನೋಡ್ಕೋತೀನಿ."

ಯಾಕಮ್ಮನಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಚಾಕ್‌ಪೀಸು ತಂದಳು, ಟೇಪು ತಂದಳು, ಭುಜ ಅಳೆದಳು, ಸೊಂಟ ಅಳೆದಳು. ಆಮೇಲೆ ಪ್ಯಾಂಟನ್ನು ಮೇಜಿನ ಮೇಲೆ ಹಾಸಿ, ದೊಡ್ಡ ದರ್ಜಿಯಂತೆ ತಲೆಯೆತ್ತಿ ಕೇಳಿದಳು:

"ಜೇಬು ಎಲ್ಲೆಲ್ಲಿ ಇಡ್ಲಿ?"

ಯಜಮಾನರ ಹೆಂಡತಿ ಎರಡೂ ಕೈ ಜೋಡಿಸಿದರು.

"ಒಂದೂ ಬೇಡ ತಾಯಿ. ನಿಮ್ಮನ್ನ ನೋಡಿದ್ನಲ್ಲ!"