ಕುದುರೆ ಬಂತು, ಚೆಂಡು ಬರಲಿಲ್ಲ

ಕ್ಯಾಮೆರಾ ಕೊಂಡವನು ಮೊದಲು ಮನೆಯ ಬೆಕ್ಕಿನ ಫೋಟೋ ತೆಗೆಯುತ್ತಾನೆ, ಆಮೇಲೆ ಹಕ್ಕಿಯದು, ಆಮೇಲೆ ಸುಮ್ಮನಾಗುತ್ತಾನೆ. ನಾನು ಸುಮ್ಮನಾಗುವ ಹೊತ್ತಿಗೆ ಕುದುರೆ ಅಡ್ಡ ಬಂತು. ಅಲ್ಲಿಂದ ಈಚೆಗೆ ಇಂಥ ಪ್ರಸಂಗಗಳು ಒಂದರ ಹಿಂದೆ ಒಂದು ನಡೆಯುತ್ತಲೇ ಇವೆ. ನಾನಾಗಿ ಯಾವುದನ್ನೂ ಕರೆದಿಲ್ಲ.

ಪೋಲೊ ಮತ್ತು ಪೋಲಿ

ನಾನು ತಿ. ನರಸೀಪುರದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಪಾಠ ಮಾಡುವವನು. ನಂಜನಗೂಡಿನ ಆಚೆ ಒಬ್ಬ ಸಾಹುಕಾರರು ಕುದುರೆಗಳನ್ನು ಸಾಕಿ, ಮೈದಾನ ಮಾಡಿಸಿದ್ದಾರೆ. ಭಾನುವಾರ ಮೈಸೂರು, ಬೆಂಗಳೂರಿನಿಂದ ಜನ ಬಂದು ಅಲ್ಲಿ ಪೋಲೊ ಆಡುತ್ತಾರೆ. ಕುದುರೆಯ ಮೇಲೆ ಕೂತು, ಉದ್ದನೆಯ ಕೋಲಿನಿಂದ ನೆಲದ ಮೇಲಿನ ಬಿಳಿ ಚೆಂಡನ್ನು ಹೊಡೆದು ಗೋಲು ಮಾಡುವ ಆಟ. ಅಲ್ಲಿ ಕುದುರೆ ಪಳಗಿಸುತ್ತ, ತಂಡದಲ್ಲಿ ಆಡುತ್ತಲೂ ಇರುವವನು ನನ್ನ ಹಳೆಯ ವಿದ್ಯಾರ್ಥಿ. ಬಿಳಿಗೆರೆಯವನು.

ಒಂದು ದಿನ ಅವನು ಸ್ಟಾಫ್ ರೂಮಿಗೆ ಬಂದು ನಿಂತ.

"ಸಾ, ನನ್ನ ಮದ್ವೆ ನಿಂತೋಗೋ ಅಂಗದೆ."

"ಅದಕ್ಕೆ ನಾನೇನು ಮಾಡಲಿ?"

"ನಿಮ್ತಾವ ಕ್ಯಾಮೆರಾ ಅದೆಯಲ್ಲ ಸಾ."

ನಡೆದದ್ದು ಇಷ್ಟು. ಹುಡುಗಿ ಮುಡುಕುತೊರೆಯವಳು. ಇಬ್ಬರೂ ಒಪ್ಪಿದ್ದರು. ಹುಡುಗ ಎಂಥವನೆಂದು ವಿಚಾರಿಸಲು ಹುಡುಗಿಯ ಚಿಕ್ಕಪ್ಪ ಮೈದಾನದ ಹತ್ತಿರದ ಟೀ ಅಂಗಡಿಗೆ ಹೋಗಿದ್ದಾರೆ. ಅಂಗಡಿಯವನು ಹುಡುಗನ ಅಭಿಮಾನಿ.

"ಅವ್ನಾ? ಪೋಲೊಗೆ ಅಂತ್ಲೇ ಉಟ್ಟವ್ನೆ ಕಣಣ್ಣ. ಬೆಳಗ್ಗೆ ಸಾಯಂಕಾಲ ಅದೇಯ. ಬಾನ್ವಾರ ಬಂದ್ರೆ ಬೆಂಗ್ಳೂರಿಂದ ದೊಡ್‌ದೊಡ್ಡೋರ ಮನೆ ಎಣ್ಮಕ್ಳೂ ಬತ್ತರೆ, ಇವ್ನ್ ಜೊತೇಲಿ ಆಡಕೆ."

ಚಿಕ್ಕಪ್ಪನ ಕಿವಿಗೆ ಬಿದ್ದದ್ದು 'ಪೋಲಿ'. ಮುಂದಿನ ಮಾತುಗಳೆಲ್ಲ ಅದಕ್ಕೆ ಸಾಕ್ಷಿ ಹೇಳಿದವು.

ಹುಡುಗ ಗಾಬರಿಯಾಗಿ ತನ್ನ ಫೋನಿನಲ್ಲಿದ್ದ ಒಂದು ಫೋಟೋ ಕಳಿಸಿದ. ಕುದುರೆ ನಾಗಾಲೋಟದಲ್ಲಿದೆ, ಇವನು ಕೋಲು ಎತ್ತಿದ್ದಾನೆ. ಚೆಂಡು ಕಾಣುತ್ತಿಲ್ಲ. ಅದನ್ನು ನೋಡಿ ಚಿಕ್ಕಪ್ಪ ಕೇಳಿದರಂತೆ: "ಈಗ ಯಾರಿಗೆ ಒಡಿಯಕ್ಕೆ ಓಯ್ತಾವ್ನೆ?"

"ಅದ್ಕೇ ಸಾ, ಚೆಂಡು ಕಾಣೋ ಅಂಗೆ ಒಂದು ಫೋಟೋ ಬೇಕು. ಚೆಂಡು ಇದ್ರೆ ಆಟ. ಇಲ್ದಿದ್ರೆ ಕೇಸು."

ವಿಜ್ಞಾನದ ಪದವಿ ಕೊಡದಷ್ಟು ಸ್ಪಷ್ಟತೆ ಇವನಿಗೆ ಎಲ್ಲಿಂದ ಬಂತೋ. ಒಪ್ಪಿಕೊಂಡೆ.

ಬಾಲ ಮತ್ತು ಹುಲ್ಲು

ವೇಗ, ದೂರ, ಕಾಲ ಇವುಗಳ ಸಂಬಂಧವನ್ನು ನಾನು ಪ್ರತಿ ವರ್ಷ ಬೋರ್ಡಿನ ಮೇಲೆ ಬರೆಯುತ್ತೇನೆ. ಅದು ಬೋರ್ಡಿನ ಮೇಲೆಯೇ ಉಳಿಯಿತು. ಮೊದಲ ಭಾನುವಾರ ಕುದುರೆ ಕಂಡಾಗ ಗುಂಡಿ ಒತ್ತಿದೆ. ಸಂಜೆ ನೋಡಿದರೆ ಎಲ್ಲ ಫೋಟೋದಲ್ಲೂ ಕುದುರೆಯ ಹಿಂಭಾಗ. ಕೋಲು ಸಿಕ್ಕಿಹಾಕಿಕೊಳ್ಳಬಾರದೆಂದು ಪೋಲೊ ಕುದುರೆಯ ಬಾಲವನ್ನು ಜಡೆಯಂತೆ ಹೆಣೆದು ಮೇಲಕ್ಕೆ ಕಟ್ಟಿರುತ್ತಾರೆ ಎಂಬ ವಿಷಯ ನನಗೆ ಆ ಸಂಜೆ ಬಹಳ ವಿವರವಾಗಿ ತಿಳಿಯಿತು.

ಬಿಳಿಗೆರೆಯವನು ಒಂದೊಂದನ್ನೂ ಗೌರವದಿಂದ ನೋಡಿದ. "ಸಾ, ಯಾವ ಕುದ್ರೆ ಅಂತ ಗೊತ್ತಾಯ್ತದೆ. ಮ್ಯಾಲಿರೋದು ಯಾರು ಅಂತ ಗೊತ್ತಾಯ್ತಿಲ್ಲ." ಆಮೇಲೆ ಸಲಹೆ ಕೊಟ್ಟ. "ಬಂದ್ಮೇಲೆ ಒತ್ಬಾರ್ದು ಸಾ. ಬರೋಕ್ ಮುಂಚೆ ಒತ್ಬೇಕು."

ಮುಂದಿನ ಭಾನುವಾರ ಬರುವ ಮುಂಚೆಯೇ ಒತ್ತಿದೆ. ಎಲ್ಲ ಫೋಟೋದಲ್ಲೂ ಹುಲ್ಲು. ಒಳ್ಳೆಯ ಹುಲ್ಲು, ಒಂದೊಂದು ಗರಿಯನ್ನೂ ಎಣಿಸುವ ಹಾಗಿತ್ತು.

"ಓದ್ವಾರ ಕುದ್ರೆ ಓದ್ಮೇಲೆ ತಗ್ದಿದ್ರಿ, ಈ ವಾರ ಬರೋಕ್ ಮುಂಚೆ ತಗ್ದಿದೀರಿ," ಅಂದ ಅವನು. "ಪರ್ವಾಗಿಲ್ಲ ಸಾ. ಮಧ್ಯದ್ದೊಂದು ಬಾಕಿ ಅದೆ, ಅಷ್ಟೇ."

ಎರಡು ಕಿವಿ

ಅದೇ ಮೈದಾನದ ಪಕ್ಕದಲ್ಲಿ ಕುದುರೆಗಳು ಬೇಲಿ ಹಾರುವ ಸ್ಪರ್ಧೆಯೂ ನಡೆಯುತ್ತದೆ. ಬಣ್ಣದ ಕೋಲುಗಳನ್ನು ಅಡ್ಡ ಇಟ್ಟಿರುತ್ತಾರೆ. ಕುದುರೆ ಎಲ್ಲಿ ಹಾರುತ್ತದೆ ಎಂದು ಮೊದಲೇ ಗೊತ್ತು. ಹಾಗಾಗಿ ನನ್ನಂಥವನಿಗೆ ಕಲಿಯಲು ಇದೇ ವಾಸಿ ಅನ್ನಿಸಿತು.

ಮೈಸೂರಿನ ಒಬ್ಬ ಮಹನೀಯರು ತಮ್ಮ ಹೊಸ ಕುದುರೆಯನ್ನು ತಂದಿದ್ದರು. ಬೂಟು, ಕೋಟು, ಕೈಗವಸು ಎಲ್ಲ ಇತ್ತು. ಅವರು ನನ್ನನ್ನು ಕರೆದು ಹೇಳಿದರು: "ನೋಡಿ, ಕುದುರೆ ಫೋಟೋ ಅಂದರೆ ಕಿವಿ. ಎರಡೂ ಕಿವಿ ಮುಂದಕ್ಕೆ ನಿಂತಿರಬೇಕು. ಹಿಂದಕ್ಕೆ ಮಡಚಿಕೊಂಡಿದ್ದರೆ ಅದಕ್ಕೆ ಬೇಜಾರಾಗಿದೆ ಅಂತ ಅರ್ಥ. ಅಂಥ ಫೋಟೋ ನನಗೆ ಬೇಡ."

ಇದು ನನಗೆ ನಿಜಕ್ಕೂ ಹೊಸ ವಿಷಯ. ಮದುವೆ ಮನೆಯಲ್ಲಿ ಫೋಟೋದವನು ನಗಿ ನಗಿ ಅನ್ನುತ್ತಾನೆ. ಕುದುರೆಗೆ ಏನು ಹೇಳುವುದು? ಕುದುರೆ ನೋಡಿಕೊಳ್ಳುವಾತನನ್ನು ಕೇಳಿದೆ. "ಏನಾರ ಆಶ್ಚರ್ಯ ಆಗ್ಬೇಕು ಸಾ ಅದ್ಕೆ. ಅವಾಗ ಕಿವಿ ತಾನಾಗೇ ಎದ್ದೋಯ್ತದೆ," ಅಂದ.

ಬೇಲಿಯ ಪಕ್ಕ ಕೂತು ಕಾದೆ. ಮಹನೀಯರು ಬಂದರು. ಕುದುರೆ ಬೇಲಿಯ ತನಕ ಚೆನ್ನಾಗಿಯೇ ಓಡಿಬಂತು, ಬೇಲಿ ನೋಡಿತು, ಬೇಡವೆಂದು ತೀರ್ಮಾನಿಸಿ ನಿಂತಿತು. ಮಹನೀಯರು ನಿಲ್ಲಲಿಲ್ಲ. ನಾನು ಗುಂಡಿ ಒತ್ತಿದೆ.

ನನ್ನ ಜೀವನದ ಮೊದಲ ಒಳ್ಳೆಯ ಕುದುರೆ ಫೋಟೋ ಅದು. ಮಹನೀಯರು ಒಬ್ಬರೇ ಬೇಲಿಯ ಮೇಲೆ ಗಾಳಿಯಲ್ಲಿದ್ದಾರೆ. ಈಚೆ ಕುದುರೆ ಅವರನ್ನೇ ನೋಡುತ್ತಿದೆ. ಕಿವಿ ಎರಡೂ ಮುಂದಕ್ಕೇ ಇವೆ.

ನಾಲ್ಕು ಚಕ್ಕರ್

ಪೋಲೊದಲ್ಲಿ ಆಟದ ಒಂದೊಂದು ಸುತ್ತಿಗೆ ಚಕ್ಕರ್ ಅನ್ನುತ್ತಾರೆ. ಈ ಪದವನ್ನು ಕಾಲೇಜಿನ ಆವರಣದಲ್ಲಿ ಉಚ್ಚರಿಸಬಾರದಿತ್ತು.

ಸೋಮವಾರ ಸ್ಟಾಫ್ ರೂಮಿನಲ್ಲಿ ಸಹೋದ್ಯೋಗಿಯೊಬ್ಬರು ಕೇಳಿದರು: "ನಿನ್ನೆ ಹೇಗಾಯ್ತು?"

"ನಾಲ್ಕು ಚಕ್ಕರ್ ಆಯ್ತು. ಮುಂದಿನ ವಾರ ಆರು ಇದೆಯಂತೆ," ಅಂದೆ.

ಹಿಂದೆ ಪ್ರಿನ್ಸಿಪಾಲರು ನಿಂತಿದ್ದರು. ಕ್ಲಾಸಿಗೆ ಚಕ್ಕರ್ ಹೊಡೆಯುವ ಹುಡುಗರನ್ನು ಹಿಡಿಯುವುದರಲ್ಲೇ ಅವರು ಸರ್ವಿಸ್ ಸವೆಸಿದ್ದಾರೆ. ಈಗ ಮೇಷ್ಟರೇ ಮುಂದಿನ ವಾರದ್ದನ್ನು ಮುಂಗಡವಾಗಿ ಘೋಷಿಸುತ್ತಿದ್ದಾರೆ. ನಾನು ವಿವರಿಸಿದೆ: ಇದು ಆಟದ ಪದ, ಒಂದು ಚಕ್ಕರ್ ಅಂದರೆ ಏಳು ಚಿಲ್ಲರೆ ನಿಮಿಷ, ಅಷ್ಟರಲ್ಲಿ ಓಡಿ ಓಡಿ ಕುದುರೆಗೆ ಸುಸ್ತಾಗುತ್ತದೆ, ಆದ್ದರಿಂದ ಪ್ರತಿ ಚಕ್ಕರ್‌ಗೂ ಕುದುರೆ ಬದಲಾಯಿಸುತ್ತಾರೆ.

ಅವರು ಪೂರ್ತಿ ಕೇಳಿಸಿಕೊಂಡರು.

"ಒಂದು ಚಕ್ಕರ್‌ಗೇ ಕುದುರೆಗೆ ಸುಸ್ತಾಗುತ್ತೆ," ಅಂದರು. "ಫೈನಲ್ ಬಿ.ಎಸ್ಸಿ.ಯವರಿಗೆ ವರ್ಷವೆಲ್ಲ ಹೊಡೆದರೂ ಆಗಲ್ಲ ನೋಡಿ."

ತುಳಿತ

ಆಟದ ಅರ್ಧದಲ್ಲಿ ಒಂದು ಪದ್ಧತಿ ಇದೆ. ಕುದುರೆಯ ಗೊರಸಿಗೆ ಹುಲ್ಲಿನ ಹೆಂಟೆಗಳು ಕಿತ್ತು ಬಂದಿರುತ್ತವೆ. ನೋಡಲು ಬಂದವರೆಲ್ಲ ಮೈದಾನಕ್ಕೆ ಇಳಿದು ಅವನ್ನು ಕಾಲಿನಿಂದ ತುಳಿದು ಕೂರಿಸಬೇಕು. ಮೈಕಿನಲ್ಲಿ ಕರೆಯುತ್ತಾರೆ. ದೊಡ್ಡ ಟೋಪಿ, ಕಪ್ಪು ಕನ್ನಡಕ, ರೇಷ್ಮೆ ಸೀರೆಯವರೆಲ್ಲ ಸಂಭ್ರಮದಿಂದ ಇಳಿದು ತುಳಿಯುತ್ತಾರೆ.

ನನ್ನ ಪಕ್ಕದಲ್ಲಿ ಆಚೆ ಹೊಲದ ಯಜಮಾನರೊಬ್ಬರು ನಿಂತಿದ್ದರು. ಬಹಳ ಹೊತ್ತು ನೋಡಿ ಕೇಳಿದರು:

"ಇವ್ರಿಗೆಲ್ಲ ಊಟ ಆಕ್ತಾರಾ ಸಾ?"

"ಹಾಕ್ತಾರೆ."

"ನಮ್ ಗದ್ದೆ ಕೆಲ್ಸಕ್ಕೂ ನಾವು ಊಟ ಆಕ್ತೀವಿ. ಯಾರೂ ಬರಕಿಲ್ಲ." ಸ್ವಲ್ಪ ಯೋಚಿಸಿದರು. "ಮೈಕ್‌ನಲ್ಲಿ ಕರೀಬೇಕು ಅಂತ ಕಾಣ್ತದೆ."

ಚೆಂಡು

ಚೆಂಡು ಮಾತ್ರ ಸಿಗುತ್ತಿರಲಿಲ್ಲ. ಕುದುರೆ ಬರುತ್ತಿತ್ತು, ಕೋಲು ಬರುತ್ತಿತ್ತು, ಸವಾರನ ಹಲ್ಲು ಬರುತ್ತಿತ್ತು. ಚೆಂಡು ಚೌಕಟ್ಟಿನ ಆಚೆ. ಅತ್ತ ಮುಡುಕುತೊರೆಯಿಂದ ಫೋನು ಬರುವುದು ಕಡಿಮೆಯಾಗಿತ್ತು. ಬೇರೆ ಗಂಡು ನೋಡುತ್ತಿದ್ದಾರೆ ಎಂಬ ಸುದ್ದಿಯೂ ಬಂತು. ಬಿಳಿಗೆರೆಯವನು ಗೋಲು ಹೊಡೆಯುವುದನ್ನು ಬಿಟ್ಟು ನನ್ನ ಕ್ಯಾಮೆರಾದ ಕಡೆಗೇ ಚೆಂಡು ಹೊಡೆಯತೊಡಗಿದ. ಅವನ ತಂಡ ಸೋತಿತು. ನಾನು ಎರಡು ಸಲ ಓಡಿ ತಪ್ಪಿಸಿಕೊಂಡೆ.

ನೂರಾರು ಫೋಟೋ ಹಿಗ್ಗಿಸಿ ನೋಡಿದ ಮೇಲೆ ಒಂದು ಸಂಗತಿ ಹೊಳೆಯಿತು. ಸವಾರರು ಒಬ್ಬೊಬ್ಬರು ಒಂದೊಂದು ಕಡೆ ನೋಡುತ್ತಿರುತ್ತಾರೆ, ಕೆಲವರು ಪ್ರೇಕ್ಷಕರ ಕಡೆಗೆ. ಕುದುರೆಯ ಕಣ್ಣು ಮಾತ್ರ ಬಹಳ ಸಲ ಚೆಂಡಿನ ಮೇಲೆಯೇ ಇರುತ್ತದೆ. ಅಂದಿನಿಂದ ಸವಾರನನ್ನು ಬಿಟ್ಟೆ. ಕುದುರೆ ಎಲ್ಲಿ ನೋಡುತ್ತದೋ ಅಲ್ಲಿಗೆ ಗುರಿಯಿಟ್ಟೆ. ಮುಂದಿನ ಭಾನುವಾರವೇ ಸಿಕ್ಕಿತು. ಕುದುರೆಯ ನಾಲ್ಕೂ ಕಾಲು ನೆಲ ಬಿಟ್ಟಿವೆ, ಕೋಲು ಕೆಳಗೆ ಬಂದಿದೆ, ಅದರ ಮುಂದೆ ಹುಲ್ಲಿನಿಂದ ಒಂದು ಗೇಣು ಮೇಲೆ ಬಿಳಿ ಚೆಂಡು. ಬಿಳಿಗೆರೆಯವನ ಮುಖದಲ್ಲಿ ಪೋಲಿತನದ ಸುಳಿವೂ ಇರಲಿಲ್ಲ.

ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಕಟ್ಟು ಹಾಕಿಸಿ ಕಳಿಸುವುದೆಂದು ತೀರ್ಮಾನವಾಯಿತು. ನರಸೀಪುರದ ಒಬ್ಬ ಸ್ಟುಡಿಯೋದವನಿಗೆ ಕೊಟ್ಟೆ. ಮದುವೆ ಆಲ್ಬಮ್ಮಿನಲ್ಲಿ ಅವನ ಕೈ ಪಳಗಿದ್ದು. ಮೊಡವೆ, ಮಚ್ಚೆ, ಬೇಡವಾದ ನೆಂಟರು, ಏನಿದ್ದರೂ ಅಳಿಸುತ್ತಾನೆ. ಪ್ರಿಂಟ್ ಸಿಗುವ ದಿನ ಹುಡುಗಿಯ ಚಿಕ್ಕಪ್ಪ ಪೇಟೆಗೆ ಬರುವವರಿದ್ದರು. ಅವರೇ ಸ್ಟುಡಿಯೋದಿಂದ ಒಯ್ಯುವುದೆಂದು ಮಾತಾಗಿತ್ತು. ನನಗೆ ಪರೀಕ್ಷೆಯ ಕೆಲಸ.

ಆ ದಿನ ಮಧ್ಯಾಹ್ನ ಸ್ಟುಡಿಯೋದವನು ಫೋನು ಮಾಡಿದ.

"ರೆಡಿ ಸಾ. ಸೂಪರಾಗಿ ಬಂದದೆ. ಕೋಲಿನ ಮುಂದ್ಗಡೆ ಒಂದು ಬಿಳೀ ಚುಕ್ಕೆ ಇತ್ತು, ಕ್ಲೀನ್ ಮಾಡ್ಬುಟ್ಟೆ."

ನಾನು ಪರೀಕ್ಷಾ ಕೊಠಡಿಯ ಬಾಗಿಲಲ್ಲಿದ್ದೆ. ದನಿ ಏರಿಸುವ ಹಾಗಿರಲಿಲ್ಲ.

"ಚೆಂಡು ಬೇಕು ಕಣಯ್ಯಾ. ಚೆಂಡು ಇಲ್ಲದೆ ಆ ಫೋಟೋ ಕೊಡಬೇಡ."

"ಚೆಂಡಾ ಸಾ?"

"ಚೆಂಡೇ. ಚೆನ್ನಾಗಿ ಎದ್ದು ಕಾಣಬೇಕು."

ಅವನೂ ದನಿ ತಗ್ಗಿಸಿದ. "ಯಾವಾಗ ಸಾ?"

"ಇವತ್ತೇ."

"ಚ್ಚ್ ಚ್ಚ್," ಅಂದ. ಅಳಿಸಿದ್ದಕ್ಕೆ ಪಶ್ಚಾತ್ತಾಪ ಪಡುತ್ತಿದ್ದಾನೆ ಅಂದುಕೊಂಡೆ. "ಆದದ್ದಾಯ್ತು, ಬೇಜಾರು ಮಾಡ್ಕೋಬೇಡ," ಎಂದು ಸಮಾಧಾನವನ್ನೂ ಹೇಳಿದೆ.

ನಮ್ಮ ಕಡೆ ಅರ್ಧ ಹೊಲಗಳಲ್ಲಿ ಚೆಂಡು ಹೂವು ಬೆಳೆಯುತ್ತಾರೆ ಎಂಬುದು ನನಗೆ ಹೊಳೆಯಬೇಕಿತ್ತು. ಅವನು ಮಾರುಕಟ್ಟೆಗೆ ಓಡಿ, ಬೋಗುಣಿಯಷ್ಟು ದಪ್ಪದ ಕೇಸರಿ ಚೆಂಡು ಹೂವಿನ ಹಾರ ತಂದು ಕಟ್ಟಿನ ಸುತ್ತ ಹಾಕಿದ. ಎದ್ದು ಕಾಣುತ್ತಿತ್ತು. ಚಿಕ್ಕಪ್ಪ ಬಂದಾಗ ಎರಡೂ ಕೈಯಲ್ಲಿ ಎತ್ತಿ ಕೊಟ್ಟು, "ಇವತ್ತೇ ಅಂತೆ ಸಾ. ಮೇಷ್ಟ್ರು ಫೋನಲ್ಲಿ ಯೋಳಿದ್ರು, ದನೀನೇ ಓಗ್ಬುಟ್ಟಿತ್ತು," ಅಂದ.

ಮುಡುಕುತೊರೆಯಲ್ಲಿ ನಡೆದದ್ದನ್ನು ಮಾರನೆಯ ದಿನ ಹುಡುಗಿಯೇ ಬಿಳಿಗೆರೆಯವನಿಗೆ ಹೇಳಿದ್ದಾಳೆ. ಹಾರ ಹಾಕಿದ ಫೋಟೋ ಜಗುಲಿಯ ಮೇಲೆ ಬಂದು ಕೂತಿತು. ಹೆಂಗಸರು ಅತ್ತರು. ಅಕ್ಕಪಕ್ಕದವರು ಸೇರಿದರು. ಹೋದವನ ಬಗ್ಗೆ ಕೆಟ್ಟದ್ದು ಆಡಬಾರದಲ್ಲ, ಹುಡುಗಿಯ ತಂದೆ ಎಲ್ಲರ ಮುಂದೆ ಗದ್ಗದವಾಗಿ ಹೇಳಿದರು: "ಚಿನ್ನದಂತ ಉಡ್ಗ. ಯಾರದೋ ಮಾತ್ ಕಟ್ಕೊಂಡು ದಿನ ತಳ್ಬುಟ್ವಿ. ಇಂತ ಅಳಿಯ ನಮ್ಗೆಲ್ಲಿ ಸಿಕ್ಕಾನು?"

ಚಿಕ್ಕಪ್ಪ ಕಣ್ಣೊರೆಸಿಕೊಂಡು, ಮಣ್ಣು ಎಷ್ಟು ಹೊತ್ತಿಗೆ ಎಂದು ಕೇಳಲು ಹುಡುಗನ ನಂಬರಿಗೇ ಫೋನು ಮಾಡಿದರು. ಮನೆಯವರು ಯಾರಾದರೂ ಎತ್ತುತ್ತಾರೆಂದು.

"ಯಾರು, ಮನೆಯವ್ರಾ? ಉಡ್ಗ ಓಗ್ಬುಟ್ನಂತಲ್ಲಪ್ಪ."

"ಎಲ್ಲೂ ಓಗಿಲ್ಲ. ಇಲ್ಲೇ ಕುದ್ರೆಗೆ ಮೇವು ಆಕ್ತಾವ್ನಿ. ಫೋಟೋ ತಲುಪ್ತಾ? ಚೆಂಡು ಕಾಣ್ತದಾ?"

"ಬರೀ ಚೆಂಡೇ ಕಾಣ್ತಿರದು ಕಣಪ್ಪ," ಅಂದರಂತೆ ಚಿಕ್ಕಪ್ಪ.

ಹುಡುಗಿಯ ತಂದೆ ಇಕ್ಕಟ್ಟಿಗೆ ಸಿಕ್ಕಿಕೊಂಡರು. ಇಡೀ ಬೀದಿಯ ಮುಂದೆ ಚಿನ್ನ ಅಂದಾಗಿದೆ; ಬದುಕಿದ್ದಾನೆ ಎಂಬ ಒಂದೇ ಕಾರಣಕ್ಕೆ ಮಾತು ವಾಪಸು ತೆಗೆದುಕೊಳ್ಳುವುದು ಹೇಗೆ? ಆ ವಾರವೇ ಮಾತುಕತೆ ಮುಗಿಯಿತು.

ಕರೆಯಲು ಅವರೇ ಕಾಲೇಜಿಗೆ ಬಂದರು. ಅರಿಶಿನ ಕುಂಕುಮ ಹಚ್ಚಿದ ಮದುವೆ ಕಾಗದ ಕೊಟ್ಟು ಕೈಮುಗಿದರು. ಬಾಗಿಲ ತನಕ ಹೋಗಿ ಮತ್ತೆ ತಿರುಗಿ ಬಂದರು.

"ಸಂಸಾರ ಸಮೇತ ಬರ್ಬೇಕು ಮೇಷ್ಟ್ರೇ. ಎರಡ್ ದಿನ ಮುಂಚೇನೇ ಬನ್ನಿ," ಅಂದರು. "ಕ್ಯಾಮೆರಾ ಒಂದ್ ಮಾತ್ರ ಮನೇಲೇ ಬುಟ್ಬನ್ನಿ."