ಸಾವಂತ್ರಿಯ ಪಾತ್ರಕ್ಕೆ ಪಿಳ್ಳಮ್ಮನ ಹೆಸರು

ಇಂದ,
ಪಿಳ್ಳಮ್ಮ ಕೋಂ ಲೇಟ್ ಮುನಿಶಾಮಪ್ಪ,
ವಯಸ್ಸು ಐವತ್ತೆಂಟು,
ಹಳೇ ಊರ ಬೀದಿ, ಕುಂದಲಹಳ್ಳಿ.

ಗೆ,
ಶ್ರೀ ಚಿಕ್ಕಬೈರಪ್ಪನವರು,
ಅಧ್ಯಕ್ಷರು ಹಾಗೂ ಹಾರ್ಮೋನಿಯಂ ಮೇಷ್ಟ್ರು,
ಶ್ರೀ ತೊಟ್ಟಿಲಮ್ಮ ಕೃಪಾಪೋಷಿತ ನಾಟಕ ಮಂಡಳಿ, ಮಹದೇವಪುರ.

ವಿಷಯ: ‘ಸಂತೆಪೇಟೆ ಸಾವಂತ್ರಿ’ ನಾಟಕದಲ್ಲಿ ಕತ್ತರಿಸಿದ ಹಾಡನ್ನು ವಾಪಸು ಸೇರಿಸುವ ಹಾಗೂ ಇತರೆ ತುರ್ತು ವಿಚಾರಗಳ ಬಗ್ಗೆ.

ಉಲ್ಲೇಖ: 1. ಅರ್ಜಿದಾರಳು ನಾಟಕಕ್ಕೆ ಬರಕೂಡದೆಂದು ತಾವು ಕಳಿಸಿದ ನೋಟಿಸ್.
2. ಅದಕ್ಕೂ ಮುಂಚೆ ತಾವು ನುಡಿಸಿದ ಹಾರ್ಮೋನಿಯಂ.

ಮಾನ್ಯರೇ,

ಮೇಲ್ಕಂಡ ವಿಷಯವಾಗಿ ಅರ್ಜಿದಾರಳು ತಮ್ಮ ಅವಗಾಹನೆಗೆ ತರುವುದೇನೆಂದರೆ:

1. ಸದರಿ ಅರ್ಜಿದಾರಳು ತಮ್ಮ ಮಂಡಳಿಯ ‘ಸಂತೆಪೇಟೆ ಸಾವಂತ್ರಿ’ಯನ್ನು ಇದುವರೆಗೆ ನಲವತ್ತೊಂದು ಬಾರಿ ನೋಡಿರುತ್ತಾಳೆ. ಈರುಳ್ಳಿ ಮಾರುವ ಸಾವಂತ್ರಿ ಸೊಂಟಕ್ಕೆ ಸೆರಗು ಸಿಕ್ಕಿಸಿ ಅಮಲ್ದಾರನ ಪೇಟ ಹಾರಿಸುವ ಈ ಗದ್ದಲದ ನಾಟಕದ ಇಪ್ಪತ್ತಾರು ಹಾಡೂ ಆಕೆಗೆ ಬಾಯಿಪಾಠ. ಸ್ವಂತ ಮಗಳ ಆರತಕ್ಷತೆಯಿಂದ ಎದ್ದುಹೋಗಿ ಮೊದಲ ಅಂಕ ನೋಡಿಕೊಂಡು ಬಂದಿದ್ದು, ಈ ಬಗ್ಗೆ ಬೀಗರ ಆಕ್ಷೇಪಣೆ ಇಂದಿಗೂ ಇತ್ಯರ್ಥವಾಗಿರುವುದಿಲ್ಲ.

2. ಈ ಹುಚ್ಚಿಗೆ ಕಾರಣವಿರುತ್ತದೆ. ಅರ್ಜಿದಾರಳಿಗೆ ಇಪ್ಪತ್ತೊಂದು ವರ್ಷವಾಗಿದ್ದಾಗ ಗಂಡ ತೀರಿಕೊಂಡರು. ಕಂಕುಳಲ್ಲಿ ಕೂಸು. ಮಾತೆಂದರೆ ತಲೆಯಾಡಿಸುವುದಷ್ಟೇ ಗೊತ್ತಿದ್ದ ಕಾಲ. ಮೂರನೇ ತಿಂಗಳು ತಮ್ಮ ಮಂಡಳಿಯವರು ಕುಂದಲಹಳ್ಳಿ ಬಯಲಿನಲ್ಲಿ ಈ ನಾಟಕ ಆಡಿದರು. ಎರಡನೇ ಅಂಕದಲ್ಲಿ ಅಮಲ್ದಾರ ಹೆಬ್ಬೆಟ್ಟು ಒತ್ತೆಂದು ಪತ್ರ ಚಾಚುತ್ತಾನೆ. ಸಾವಂತ್ರಿ ಈರುಳ್ಳಿ ಮೂಟೆ ಹತ್ತಿ ನಿಂತು ಹಾಡುತ್ತಾಳೆ:

ಹೆಬ್ಬೆಟ್ಟು ಬೇಕೇನೋ ಅಮಲ್ದಾರ? ಮೊದಲು ಓದೋ ಪತ್ರಾನ,
ಬಾಯಾಗಿನ ಎಲಡಿಕೆ ಉಗಿದು ಓದೋ, ಕೇಳಲಿ ಸಂತೆ ಜನ!

3. ಅದೇ ವಾರ ಅರ್ಜಿದಾರಳ ಭಾವ ಲಕ್ಷ್ಮಣಪ್ಪನವರು ಒಂದು ಪತ್ರ ಹಾಗೂ ಮಸಿ ಡಬ್ಬಿ ತಂದು ಜಗುಲಿಯ ಮೇಲೆ ಕೂತರು. “ಏನಿಲ್ಲ ಕಣಮ್ಮಿ, ಸುಮ್ಕೆ ಒತ್ತು. ಮನೆ ಒಳಗಿನ ಇಸ್ಯ,” ಎಂದರು. ಅರ್ಜಿದಾರಳು ಅಭ್ಯಾಸದಂತೆ ತಲೆಯಾಡಿಸಲು ಹೋದಳು. ಆದರೆ ಬಾಯಿ ತಾನಾಗಿ ತೆರೆಯಿತು. “ಒತ್ತೀನಿ ಭಾವ. ಮೊದ್ಲು ಓದೇಳು. ಜೋರಾಗಿ ಓದು, ಬೀದಿಗೆಲ್ಲ ಕೇಳ್ಲಿ.” ಭಾವನವರು ಎರಡು ಸಾಲು ಓದಿ, ಕೆಮ್ಮಿ, ಪತ್ರ ಮಡಚಿ ಜೇಬಿಗಿಟ್ಟುಕೊಂಡು ಹೋದವರು ಆ ಮಾತು ಮತ್ತೆ ಎತ್ತಿರುವುದಿಲ್ಲ. ಅವರು ಬರೆಸಿಕೊಳ್ಳಲು ಬಂದಿದ್ದ, ಗಂಡನ ಪಾಲಿನ ಎರಡು ಗುಂಟೆಯಲ್ಲಿ ಈಗ ಅರ್ಜಿದಾರಳ ಮನೆಯಿದ್ದು, ಮೇಲಿನ ಮೂರು ಮಹಡಿಯಲ್ಲಿ ಕಂಪ್ಯೂಟರ್ ಕೆಲಸದ ಹೆಣ್ಣುಮಕ್ಕಳು ಪಿಜಿಯಾಗಿ ಇರುತ್ತಾರೆ.

4. ಹೀಗಿರುವಾಗ ಕಳೆದ ತಿಂಗಳ ಪ್ರದರ್ಶನದಲ್ಲಿ ಆ ಹಾಡು ಬರಲೇ ಇಲ್ಲ. ಹೊಸದಾಗಿ ಸಾವಂತ್ರಿಯಾಗಿದ್ದ ಶ್ಯಾಮಲಾ ಪತ್ರ ಇಸಿದುಕೊಂಡು, ಮೆತ್ತಗೆ ನಕ್ಕು, ಒಳಗೆ ಹೋಗಿಬಿಟ್ಟರು. ಅರ್ಜಿದಾರಳು ಮೂರನೇ ಸಾಲಿನಲ್ಲಿ ಎಷ್ಟು ಹೊತ್ತು ಕಾಯಬೇಕೋ ಅಷ್ಟು ಹೊತ್ತು ಕಾದಿರುತ್ತಾಳೆ. ನಂತರ ಎದ್ದು ನಿಂತು ತಾನೇ ಹಾಡಿರುತ್ತಾಳೆ.

5. ಇಲ್ಲಿ ಒಂದು ಅಂಶ ದಾಖಲಾಗಬೇಕಾಗಿರುತ್ತದೆ. ಅರ್ಜಿದಾರಳು ಬಾಯಿ ತೆರೆದ ಕೂಡಲೇ ತಮ್ಮ ಕೈ ಹಾರ್ಮೋನಿಯಂ ಮೇಲೆ ಓಡಿತು. ಪೂರ್ತಿ ಹಾಡಿಗೆ ತಾವು ನುಡಿಸಿದಿರಿ. ಜನ ಒನ್ಸ್ ಮೋರ್ ಎಂದಾಗ ಎರಡನೇ ಸಲವೂ ನುಡಿಸಿದಿರಿ. ಆಮೇಲಷ್ಟೇ ತಮಗೆ ಸಿಟ್ಟು ಬಂದಿರುತ್ತದೆ.

“ಏನಮ್ಮಾ ಪಿಳ್ಳಮ್ಮ, ನಾಟಕ ನಂದಾ ನಿಂದಾ? ಈಗ ಅಪಾರ್ಟ್‌ಮೆಂಟಿನೋರು ಬರ್ತಾರೆ, ಸ್ವಲ್ಪ ಡೀಸೆಂಟಾಗಿರ್ಲಿ ಅಂತ ತೆಗೆದ್ವಿ.”

“ಆಡೋರು ಬಿಟ್ಬಿಟ್ರೆ ನೋಡೋರಾದ್ರೂ ಆಡಬೇಕಲ್ಲಣ್ಣ.”

ಮಾರನೇ ದಿನ ನೋಟಿಸ್ ಬಂದಿರುತ್ತದೆ. ಮುಂದಿನ ಐದು ಪ್ರದರ್ಶನಕ್ಕೆ ಅರ್ಜಿದಾರಳು ಬರಕೂಡದು. ಅದನ್ನು ಕೇಳಿದ ದಿನ ಆಕೆ ಊಟ ಮಾಡಿರುವುದಿಲ್ಲ.

6. ಆ ಭಾನುವಾರ ಶ್ಯಾಮಲಾ ತಾವಾಗಿ ಮನೆಗೆ ಬಂದರು. ಅರ್ಜಿದಾರಳು ಕಾಫಿ ಕೊಡದೆ ಕೂರಿಸಿದ್ದನ್ನು ಇಲ್ಲಿ ಒಪ್ಪಿಕೊಳ್ಳುತ್ತಾಳೆ. “ಅಮ್ಮಾ, ಆ ಹಾಡು ನಂಗೆ ಬರಲ್ಲ. ಮೇಷ್ಟ್ರು ಕಲಿಸ್ಲೇ ಇಲ್ಲ. ಕಲಿಸ್ತೀರಾ?” ಎಂದು ಕೇಳಿದಾಗ ಕಾಫಿ ಕೊಡಲಾಯಿತು. ಟೆರೇಸಿನಲ್ಲಿ ಮೂರು ದಿನ ಪಾಠ ನಡೆಯಿತು. “ಮೈಕಿಗೆ ಹಾಡ್ಬೇಡ ಕಣವ್ವ, ಆ ಕೊನೇ ಸಾಲಿನ ಮುದುಕಿಗೆ ಹಾಡು,” ಎಂದು ಅರ್ಜಿದಾರಳು ಹೇಳಿಕೊಟ್ಟಳು. ಪಿಜಿಯ ಹೆಣ್ಣುಮಕ್ಕಳು ಮೊದಲ ದಿನ ದೂರು ಕೊಟ್ಟು, ಮೂರನೇ ದಿನ ಚಪ್ಪಾಳೆ ತಟ್ಟಿರುತ್ತಾರೆ.

7. ವಿಷಾದದ ಸಂಗತಿಯೆಂದರೆ, ಅರ್ಜಿದಾರಳ ಎತ್ತರದ ಶ್ರುತಿಯಲ್ಲಿ ಹಾಡಲು ಹೋದ ಕಾರಣ, ನಾಲ್ಕನೇ ದಿನ ಶ್ಯಾಮಲಾ ಅವರ ಗಂಟಲು ಪೂರ್ತಿ ಕಟ್ಟಿಹೋಯಿತು. ಹತ್ತು ದಿನ ಪಿಟಕ್ಕೆನ್ನಕೂಡದೆಂದು ಡಾಕ್ಟರು ಹೇಳಿರುತ್ತಾರೆ. ಪ್ರದರ್ಶನ ಬರುವ ಶನಿವಾರ. ಮಾತಾಡುವಂತಿಲ್ಲದ ಕಾರಣ ಅವರೇ ಕೂತು ಈ ಅರ್ಜಿಯನ್ನು ಅರ್ಜಿದಾರಳು ಹೇಳಿದಂತೆ ಬರೆಯುತ್ತಿದ್ದು, ಸಾವಂತ್ರಿ ಯಾರಾಗಬೇಕೆಂಬ ಪ್ರಶ್ನೆಗೆ ಪೆನ್ನಿನಿಂದಲೇ ಅರ್ಜಿದಾರಳ ಕಡೆ ತೋರಿಸಿರುತ್ತಾರೆ. ಅರ್ಜಿದಾರಳು ಮೂರು ಬಾರಿ ಬೇಡವೆಂದಳು. ಮೂರನೆಯದು ಅಷ್ಟು ಗಟ್ಟಿಯಾಗಿರಲಿಲ್ಲ.

ಆದ್ದರಿಂದ, ಇಪ್ಪತ್ತಾರು ಹಾಡನ್ನೂ ಮಾತನ್ನೂ ಶನಿವಾರದೊಳಗೆ ಕಲಿಯಬಲ್ಲವರು ಬೇರಾರೂ ಇಲ್ಲದ ಕಾರಣ, ಟಿಕೆಟ್ಟುಗಳು ಹೋಗಿರುವ ಕಾರಣ, ಹಾಗೂ ತಮ್ಮ ಕೈಗೂ ಆ ಹಾಡು ಮರೆತಿಲ್ಲದ ಕಾರಣ, ನೋಟಿಸನ್ನು ರದ್ದುಪಡಿಸಿ, ಹಾಡನ್ನು ವಾಪಸು ಸೇರಿಸಿ, ಸಾವಂತ್ರಿಯ ಪಾತ್ರಕ್ಕೆ ಅರ್ಜಿದಾರಳ ಹೆಸರು ಬರೆದುಕೊಳ್ಳಬೇಕಾಗಿ ವಿನಂತಿ.

ತಮ್ಮ ವಿಶ್ವಾಸಿ, ತಾವು ಸಿಟ್ಟಾದರೂ ವಿಶ್ವಾಸಿಯೇ,
(ಸಹಿ) ಪಿಳ್ಳಮ್ಮ

ಲಗತ್ತುಗಳು:
1. ಡಾಕ್ಟರ ಚೀಟಿ.
2. ಶ್ಯಾಮಲಾ ಅವರ ಒಪ್ಪಿಗೆ ಪತ್ರ. ಕೊನೆಯಲ್ಲಿ ಮೂರು ಆಶ್ಚರ್ಯಸೂಚಕ ಚಿಹ್ನೆಗಳಿದ್ದು, ಅವು ಅವರ ಸ್ವಂತದವು.
3. ಪಿಜಿಯ ಹದಿನೇಳು ಹೆಣ್ಣುಮಕ್ಕಳ ಸಹಿ. ಇವರಲ್ಲಿ ಕನ್ನಡ ಬಲ್ಲವರು ನಾಲ್ವರು.

ವಿ.ಸೂ.: ಅರ್ಜಿದಾರಳ ಎಡ ಮಂಡಿ ಸವೆದಿರುವುದರಿಂದ, ಈರುಳ್ಳಿ ಮೂಟೆ ಹತ್ತಲು ಒಂದು ಸ್ಟೂಲನ್ನು ಮಂಜೂರು ಮಾಡಬೇಕಾಗಿ ಕೋರಿದೆ. ಇಳಿಸಲು ಯಾರೂ ಬರುವುದು ಬೇಡ.